ಹೂಂ ಅಂದ ಐದು ನಿಮಿಷ

ಅಕ್ಕಲಕೋಟದ ಬಸ್ಸು ಸೊಲ್ಲಾಪುರದ ಸ್ಟ್ಯಾಂಡ್ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಭಗವಂತ ಮಗನ ಮೊಣಕಾಲು ತಟ್ಟಿ ತನ್ನ ಕಡೆ ತಿರುಗಿಸಿಕೊಂಡು, ಇಪ್ಪತ್ತಾರು ದಿನ ಕಾಯ್ದಿಟ್ಟ ಪ್ರಶ್ನೆಯನ್ನು ಕೇಳಿಯೇಬಿಟ್ಟ.

"ಅವತ್ತ ನಿಮ್ಮವ್ವಗ ಫೋನ್ನ್ಯಾಗ ಐದು ನಿಮಿಷ ಏನ್ ಹೇಳಿದ್ಯೋ ಸುಮ್ಯಾ? ಅಕಿ ನಕ್ಕೋತ ಹೂಂ, ಹೂಂ ಅನ್ನಾಕತ್ತಿದ್ಳು."

ಕೇಳಿದ್ದು ಧ್ವನಿಯಿಲ್ಲದೆ, ಬರೀ ತುಟಿಯಲ್ಲಿ. ಮೂವತ್ತೆಂಟು ವರ್ಷ ಟವೆಲ್ ನೇಯುವ ಪಾವರ್‌ಲೂಮುಗಳ ನಡುವೆ ನಿಂತವನ ಕಿವಿ ಎಂದೋ ಕೈಕೊಟ್ಟಿತ್ತು. ಆ ಗದ್ದಲದಲ್ಲಿ ಮಗ್ಗದವರು ಮಾತಾಡುವುದೇ ಹಾಗೆ. ಅಪ್ಪನಿಗೆ ಊಟದ ಡಬ್ಬಿ ಒಯ್ಯುತ್ತಿದ್ದ ಸುಮಿತ ಅಕ್ಷರ ಓದುವುದಕ್ಕೂ ಮೊದಲು ತುಟಿ ಓದಲು ಕಲಿತಿದ್ದ. ಬಸ್ಸಿನ ಗಾಜುಗಳ ಗಡಗಡಕ್ಕೆ ಉಳಿದವರೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದರೆ ಇವರಿಬ್ಬರದು ಮಾತ್ರ ಆರಾಮಿನ ಸಂಭಾಷಣೆ. ಮುಂದಿನ ಬಾಗಿಲಲ್ಲಿ ನಿಂತ ಕಂಡಕ್ಟರು ಮುದುಕರ ಅರ್ಧ ಟಿಕೀಟಿನ ಬಗ್ಗೆ ಮರಾಠಿಯಲ್ಲಿ ಗೊಣಗಿಕೊಂಡದ್ದನ್ನೂ ಭಗವಂತ ಅಷ್ಟು ದೂರದಿಂದ ಓದಿ, ಬೈಗುಳವೊಂದನ್ನೂ ಬಿಡದೆ ಮಗನಿಗೆ ಕನ್ನಡದಲ್ಲಿ ಒಪ್ಪಿಸಿದ್ದ.

ಅವತ್ತು ಸುಮಿತ ಅವ್ವನ ಜೊತೆ ಮಾತಾಡಿದ್ದು ಹನ್ನೊಂದು ಸೆಕೆಂಡು. ಅಂಡಮಾನಿನ ಕಡೆ ಸಮುದ್ರದ ತಳ ಕೊರೆದು ಕೆಸರು ತೆಗೆಯುವ ಸಂಶೋಧನಾ ಹಡಗಿನಲ್ಲಿ ಅವನು ಟೆಕ್ನಿಶಿಯನ್. ಹತ್ತೊಂಬತ್ತು ದಿನ ಬರೀ ಕೆಸರೇ ಕೊಟ್ಟ ಕೊರೆಯುವ ಕೊಳವೆ, ಫೋನ್ ಬಂದ ಗಳಿಗೆಗೆ ಸರಿಯಾಗಿ, ಹೊಟ್ಟೆಯಲ್ಲಿ ಬಿಳಿ ಗಡ್ಡೆಗಳನ್ನಿಟ್ಟುಕೊಂಡು ಡೆಕ್ಕಿನ ಮೇಲೆ ಮಲಗಿತ್ತು. ಆ ಗಡ್ಡೆಗಳಿಗೆ ಮೇಲಿನ ಗಾಳಿ ಸೋಕಿದರೆ ನಿಮಿಷಗಳ ಆಯುಷ್ಯ. ಅಷ್ಟರಲ್ಲಿ ಕತ್ತರಿಸಿ ದ್ರವ ಸಾರಜನಕದಲ್ಲಿ ಮುಳುಗಿಸಬೇಕು. "ಅವ್ವಾ, ಹತ್ತು ನಿಮಿಷ ತಾಳು, ಮಾಲು ಬಂದದ" ಅಂದು ಕಟ್ ಮಾಡಿದ್ದ. ಹತ್ತು ನಿಮಿಷ ನಾಲ್ಕು ತಾಸಾಯಿತು. ಆಮೇಲೆ ಮಾಡಿದರೆ ಯಾರೂ ಎತ್ತಲಿಲ್ಲ. ಬೆಳಗಾಗುವುದರಲ್ಲಿ ಅವ್ವ, ಹಿರಾಬಾಯಿ, ಇರಲಿಲ್ಲ. ಒಬ್ಬ ಟೆಕ್ನಿಶಿಯನ್ನನ ತಾಯಿಗೋಸ್ಕರ ಹಡಗು ಮುಖ ತಿರುಗಿಸುವುದಿಲ್ಲ. ಅವಳ ಆಸೆಯಂತೆ ತವರೂರು ಅಕ್ಕಲಕೋಟದಲ್ಲಿ ಅವನಿಲ್ಲದೆಯೇ ಮಣ್ಣು ಮಾಡಿದ್ದರು. ಅವನ ಪಾಲಿನ ಹಿಡಿಮಣ್ಣು ಹಾಕಲು ಈಗ ಇಬ್ಬರೂ ಹೊರಟಿದ್ದು.

ಅಂದರೆ ಅವ್ವ ಆಸ್ಪತ್ರೆಯ ಕಾಟಿನ ಮೇಲೆ ಮಲಗಿ, ಕಟ್ ಆದ ಫೋನಿಗೆ ಐದು ನಿಮಿಷ ಹೂಂ ಅಂದಿದ್ದಳು. ಮಗ ಮಾತಾಡಲಿಲ್ಲವೆಂದು ಗಂಡನಿಗೆ ಗೊತ್ತಾಗದಿರಲಿ ಎಂದು ನಕ್ಕೂ ಇದ್ದಳು. ನಿಜ ಹೇಳಿದರೆ ಅವಳು ಕೊನೆಯದಾಗಿ ಮಾಡಿದ ಕೆಲಸವನ್ನೇ ಕೆಡಿಸಿದಂತೆ. ಕುಂಭಾರಿ ಊರು ದಾಟುವಾಗ ಸುಮಿತ ಅಪ್ಪನ ಕಡೆ ತಿರುಗಿ ಹೇಳತೊಡಗಿದ.

ಸಮುದ್ರದ ತಳದಲ್ಲಿ ಕೆಸರು ಉಗುಳುವ ಗುಡ್ಡಗಳಿವೆ ಅಂತ ಅವ್ವನಿಗೆ ಹೇಳಿದೆ ಅಂದ. ನೆಲದ ಹೊಟ್ಟೆಯಿಂದ ಕೆಸರು ಉಕ್ಕುವಾಗ ಜೊತೆಗೆ ಒಲೆಗೆ ಉರಿಯುವಂಥ ಗ್ಯಾಸೂ ಬರುತ್ತದೆ. ತಳದಲ್ಲಿ ಥಂಡಿ, ತಲೆಯ ಮೇಲೆ ಮೈಲುಗಟ್ಟಲೆ ನೀರಿನ ಭಾರ. ಆ ಭಾರಕ್ಕೆ ನೀರು ಗ್ಯಾಸನ್ನು ಒಳಗೆ ಕೂಡಿಹಾಕಿಕೊಂಡು ಹೆಪ್ಪುಗಟ್ಟಿ ಬರ್ಫ ಆಗುತ್ತದೆ. ಗುಡ್ಡದ ನಡುಬಾಯಿ ಬಿಸಿ, ಅಲ್ಲಿ ಕಟ್ಟುವುದಿಲ್ಲ. ಸುತ್ತ ಅಂಚಿನಲ್ಲಿ ಕಟ್ಟುತ್ತದೆ. ಭಾರ ಇರುವ ತನಕ ಕಲ್ಲಿನಂತೆ ಗಟ್ಟಿ. ಮೇಲೆತ್ತಿದರೆ ಚುರುಚುರು ಅಂದು ಗ್ಯಾಸು ಗಾಳಿಗೆ ಹೋಗುತ್ತದೆ, ನೀರು ಕೆಸರಿಗೆ ಇಳಿಯುತ್ತದೆ. ಕೈಯಲ್ಲಿ ಏನೂ ಉಳಿಯುವುದಿಲ್ಲ.

"ಇದರಾಗ ನಗೋದು ಎಲ್ಲಿ ಬಂತು?" ಭಗವಂತನ ತುಟಿ ಕೇಳಿತು.

"ಆ ಬರ್ಫಕ್ಕ ಕಡ್ಡಿ ಗೀರಿದ್ರ ಹೊತ್ತಿ ಉರೀತದ ಅಂದೆ. ಹಂಗಾರ ನಿಮ್ಮಪ್ಪಗ ಬೀಡಿ ಹಚ್ಚಾಕ ಒಂದ್ ತುಂಡ್ ತಗೊಂಡ್ ಬಾ, ಅಂದ್ಳು."

ಹೇಳಿದ ಮೇಲೆ ಅವನಿಗೆ ತಪ್ಪು ಹೊಳೆಯಿತು. ಹೂಂ ಬಿಟ್ಟು ಅವ್ವ ಬೇರೆ ಏನಾದರೂ ಅಂದಿದ್ದರೆ, ತುಟಿ ನೋಡುತ್ತ ಕೂತ ಈ ಮನುಷ್ಯನಿಗೆ ಗೊತ್ತಾಗದೆ ಇರುತ್ತಿತ್ತೇ? ಭಗವಂತ ಮಗನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿ, "ಹೂಂ" ಅಂದ. ಮುಂದೆ ಹೇಳು ಎಂಬಂತೆ ಗದ್ದ ಎತ್ತಿದ. ವಳಸಂಗ ಬಂತು, ಹೋಯಿತು. ಸುಮಿತ ಹೇಳುತ್ತಲೇ ಇದ್ದ, ಮುದುಕ ಹೂಂಗುಟ್ಟುತ್ತಲೇ ಇದ್ದ.

ಅಕ್ಕಲಕೋಟದ ಹೊರಗೆ, ಮಣ್ಣು ಮಾಡುವ ಜಾಗದಲ್ಲಿ ಗಾಳಿಯೂ ಇರಲಿಲ್ಲ. ಅವ್ವನ ಗುಡ್ಡೆಯ ಮೇಲೆ ಹೊದಿಸಿದ ಜಾಲಿಮುಳ್ಳು ಒಣಗಿತ್ತು. ಭಗವಂತ ಕುಕ್ಕರಗಾಲಲ್ಲಿ ಕೂತು, ಹೆಂಟೆ ಒಡೆದು ಪುಡಿ ಮಾಡಿ, ಮಗನ ಬೊಗಸೆಗೆ ಹಾಕಿದ. ಆಮೇಲೆ, ತನಗೇ ಕೇಳಿಸದ ಏರುಪೇರಿಲ್ಲದ ಧ್ವನಿಯಲ್ಲಿ, ಬಾಯಿಬಿಟ್ಟು ಮಾತಾಡಿದ.

"ಅಕಿ ಕೈಗೆ ಸಲಾಯಿನ್ ಹಚ್ಚಿದ್ರು. ಫೋನ್ ಹಿಡಿದಾವ ನಾನು. ಗಪ್ಪನ ಫೋನಿನ ಮ್ಯಾಲಿಂದ ನಿನ್ನ ಫೋಟೋ ಹೋತು, ಕಟ್ ಆತು, ಅದನ್ನ ನೋಡೀನಿ. ಅಕಿ ನನ್ನ ಸಲುವಾಗಿ ಹೂಂ ಅನ್ನಾಕತ್ತಿದ್ಳು. ನಾ ಅಕಿ ಸಲುವಾಗಿ ಕಟ್ ಆದ ಫೋನ್ ಹಿಡಕೊಂಡ್ ನಿಂತೆ."

ಸುಮಿತನ ಬೊಗಸೆಯ ಮಣ್ಣು ಬೆರಳ ಸಂದಿಯಿಂದ ಸೋರತೊಡಗಿತು. ಭಗವಂತ ಮಗನ ಕೈ ಕೆಳಗೆ ತನ್ನ ಕೈ ಕೊಟ್ಟು ಹಿಡಿದ.

"ಬಸ್ಸಿನ್ಯಾಗ ನನಗ ಹೇಳಿದ್ಯಲ್ಲಾ, ಅದನ್ನೀಗ ಇಲ್ಲಿ ಹೇಳು. ಅಕಿ ಇನ್ನೂ ಕೇಳಿಲ್ಲ."