ಚೀನಾ ಕಷಾಯದ ಪಥ್ಯ

ಚೀನಾ ಕಷಾಯ ಕುಡಿಯುವಾಗ ಮೊಸರು ಮುಟ್ಟಬಾರದಂತೆ ಎಂದು ಸೊಸೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಭಾರತಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತರು.

"ಮೈಯೆಲ್ಲ ಉಷ್ಣ ಆಗಿ ಮುಟ್ಟು ನಿಂತೈತೆ ಅಂತ ನಾನು ಮಜ್ಜಿಗೆ, ಮೆಂತ್ಯ, ಹರಳೆಣ್ಣೆ ಅಂತ ಒದ್ದಾಡ್ತಾ ಇದ್ರೆ, ಆ ಡಾಕ್ಟ್ರು ಹೊಟ್ಟೆ ಶೀತ ಅಂತ ಶುಂಠಿ ಕುಡಿಸ್ತಾಳಾ? ನಡಿ ಕೋಲಾರಕ್ಕೆ. ನಾನೇ ಕೇಳ್ತೀನಿ."

ಸೊಸೆ ಚಂದನ ಬೆದರಿದಳು. ಮಗು ಬೇಕೆಂದೇ ಅವಳು ಆ ಚೀನೀ ವೈದ್ಯದ ಕ್ಲಿನಿಕ್ಕಿಗೆ ಹೋಗುತ್ತಿದ್ದದ್ದು, ಅದೇನೋ ನಿಜ. ಆದರೆ ಬಿ.ಎಡ್. ಮುಗಿದು ಟೀಚರ್ ಕೆಲಸ ಸಿಗಲಿ ಎಂದು ಗಂಡ ಅಮರನಾಥನೊಡನೆ ಮಾತಾಡಿಕೊಂಡು ಮದುವೆಯಾದ ಮೊದಲ ಮೂರು ವರ್ಷ ಅವಳು ಗರ್ಭ ತಡೆಯುವ ಮಾತ್ರೆ ನುಂಗಿ, ಕೆಲಸ ಸಿಕ್ಕ ಮೇಲೆ ಬಿಟ್ಟಿದ್ದಳು. ಅದು ಡಾಕ್ಟರಿಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ. ಆ ಮೂರು ವರ್ಷ ಭಾರತಮ್ಮ ಯಲ್ದೂರಿನ ಅರಳಿಕಟ್ಟೆ ಸುತ್ತಿದ್ದರು, ಕಂಡ ಕಂಡ ದೇವರಿಗೆ ಹರಕೆ ಹೊತ್ತಿದ್ದರು, ಇನ್ನೂ ವಿಶೇಷ ಇಲ್ವಾ ಎಂದವರ ಮೇಲೆಲ್ಲ ಸೊಸೆಯ ಪರವಾಗಿ ಜಗಳಕ್ಕೆ ಬಿದ್ದಿದ್ದರು. ಅಂಥ ಅತ್ತೆಗೆ ವಿಷಯ ತಿಳಿದರೆ ಮತ್ತೆ ಮುಖ ಎತ್ತಿ ನೋಡುವುದು ಹೇಗೆ?

"ಡಾಕ್ಟ್ರು ಇವತ್ತು ರಜಾ ಇರಬೋದು ಅತ್ತೆ," ಎಂದಳು ಬಸ್ಸಿನಲ್ಲಿ.

"ರಜಾ ಇದ್ರೆ ಅವಳ ಮನೆಗೇ ಹೋಗ್ತೀನಿ."

ಡಾಕ್ಟರ್ ಶ್ರೀವಾಣಿ ಕ್ಲಿನಿಕ್ಕಿನಲ್ಲೇ ಇದ್ದರು. ಭಾರತಮ್ಮ ಕೂರುವ ಮುಂಚೆಯೇ ಶುರುಮಾಡಿದರು. "ಇವಳಿಗೆ ಶೀತ ಅಂತ ಹೆಂಗಂದ್ರಿ? ಸಂಕ್ರಾಂತಿ ಚಳೀಲೂ ಫ್ಯಾನಿಲ್ದೆ ಮಲಗಲ್ಲ ಇವಳು."

"ನಾಲಗೆ ನೋಡಿಮ್ಮ, ಹೇಗೆ ಬೆಳ್ಳಗಿದೆ."

"ಅದು ಬೆಳಿಗ್ಗೆ ತಿಂದ ಮೊಸರನ್ನ."

"ಮೊಸರನ್ನ ಕೊಟ್ಟೋರು ಯಾರು?"

"ನಾನೇ," ಎಂದರು ಭಾರತಮ್ಮ, ಸ್ವಲ್ಪ ದನಿ ತಗ್ಗಿಸಿ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಾನು ಬಿಸಿ ಮಾಡ್ತೀನಿ, ನೀವು ತಣ್ಣಗೆ ಮಾಡ್ತೀರ. ಪಾಪ, ಇವರು ಇಬ್ಬರ ಮಧ್ಯೆ ಉಗುರುಬೆಚ್ಚಗೆ ಕೂತಿದಾರೆ. ನನ್ನ ಕಷಾಯದಿಂದಲೇ ಮಗು ಆಗುತ್ತೆ ಅಂತ ನಾನೂ ಹೇಳಲ್ಲಮ್ಮ. ಲೇಡಿ ಡಾಕ್ಟರಿಗೂ ತೋರಿಸಿ ಅಂದಿದೀನಿ. ಮೂರು ವರ್ಷ ಮಾತ್ರೆ ತಗೊಂಡು ಬಿಟ್ಟಿದಾರಲ್ಲ, ಕೆಲವರಿಗೆ ಮುಟ್ಟು ಸರಿಹೋಗೋಕೆ ಕೆಲವು ತಿಂಗಳು ಹಿಡಿಯುತ್ತೆ."

"ಯಾವ ಮಾತ್ರೆ?"

ಡಾಕ್ಟರು ನಾಲಗೆ ಕಚ್ಚಿಕೊಂಡರು. ಅತ್ತೆಗೆ ಗೊತ್ತಿದೆಯೆಂದೇ ಅವರು ತಿಳಿದಿದ್ದರು. ಇನ್ನು ಬಚ್ಚಿಡುವುದಕ್ಕೇನೂ ಉಳಿದಿರಲಿಲ್ಲ.

"ಮಕ್ಕಳಾಗದೇ ಇರೋ ಮಾತ್ರೆ ಅತ್ತೆ," ಎಂದಳು ಚಂದನ. "ಕೆಲಸ ಸಿಗೋವರೆಗೆ ಅಂತ ತಗೊಂಡೆ. ನಿಮಗೆ ಹೇಳೋ ಧೈರ್ಯ ಬರಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿಹೋಯಿತು.

ಭಾರತಮ್ಮ ಕೊನೆಗೂ ಕುರ್ಚಿಯಲ್ಲಿ ಕೂತರು. ಸೊಸೆಯನ್ನು ನೋಡಿದರು, ಡಾಕ್ಟರನ್ನು ನೋಡಿದರು.

"ಅಂದ್ರೆ, ನನ್ನ ಮಗನ್ದು ಏನೂ ಐಬಿಲ್ವಾ?"

"ಇಲ್ಲ ಅತ್ತೆ."

"ಅಯ್ಯೋ ದೇವ್ರೆ. ಅವನಿಗೆ ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತು. ಅದಕ್ಕೇ ಹಿಂಗಾಯ್ತು, ನಿನ್ನ ಬಾಳು ನಾನೇ ಹಾಳು ಮಾಡ್ದೆ ಅಂತ ಒಳಗೊಳಗೇ ಸಾಯ್ತಿದ್ದೆ ಕಣೇ. ಬಾದಾಮಿ, ಅಶ್ವಗಂಧ ಅರೆದು ಅವನ ಹಾಲಿಗೆ ಸುರಿದಿದ್ದೇ ಸುರಿದಿದ್ದು."

ಅಮರನಾಥನ ಅಂಗಿಯ ಗುಂಡಿಗಳೆಲ್ಲ ಯಾಕೆ ಕಿತ್ತುಬರುತ್ತಿದ್ದವೆಂದು ಚಂದನಳಿಗೆ ಆಗ ಹೊಳೆಯಿತು. ಕಣ್ಣೀರಿನ ನಡುವೆಯೇ ಕಿಸಕ್ಕೆಂದಳು. ಡಾಕ್ಟರೂ ನಕ್ಕರು. ಭಾರತಮ್ಮ ಮಾತ್ರ ನಗಲಿಲ್ಲ. ಕಷಾಯದ ಪೊಟ್ಟಣವನ್ನು ತಾವೇ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟರು.

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಭಾರತಮ್ಮ ಶ್ರೀನಿವಾಸಪುರದ ದಾರಿ ಅರ್ಧ ಮುಗಿಯುವವರೆಗೂ ಹೊರಗೇ ನೋಡುತ್ತಿದ್ದರು. ಚಂದನಳಿಗೆ ತಡೆಯಲಾಗಲಿಲ್ಲ. "ಬೈದುಬಿಡಿ ಅತ್ತೆ."

"ಬೈತೀನಿ. ಮನೆಗೆ ಹೋಗ್ಲಿ, ಇಬ್ರನ್ನೂ ಕೂರಿಸ್ಕೊಂಡು ಬೈತೀನಿ." ಮಡಿಲಿನ ಚೀಲ ಸರಿಮಾಡಿಕೊಂಡು ಕೇಳಿದರು, "ಆ ಮಾತ್ರೆ ಮೂವತ್ತು ವರ್ಷದ ಹಿಂದೇನೂ ಇತ್ತಾ?"

"ಇತ್ತು ಅತ್ತೆ."

"ಕೋಲಾರದಲ್ಲೇ ನಂಗೂ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು. ಅಷ್ಟೊತ್ತಿಗೆ ಅಮರ ಹೊಟ್ಟೇಲಿ ಕೂತ್ಬಿಟ್ಟಿದ್ದ." ಭಾರತಮ್ಮ ಸೊಸೆಯ ಕಡೆ ತಿರುಗಿದರು. "ಅವನು ಎರಡು ವರ್ಷ ತಡವಾಗಿ ಹುಟ್ಟಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು ಹೇಳು?"