ಖಾಲಿ ಕೊಕ್ಕೆ

ಇಂಜಿನ್ನಿನೊಳಗಿನ ಕೊಕ್ಕೆ ಖಾಲಿಯಿತ್ತು. ಒಂಟಿ ಹಳಿಯ ಮೇಲೆ ರೈಲು ಬಿಡಲು ಅಪ್ಪಣೆಯೆಂದು ಕೊಡುವ ಹಿತ್ತಾಳೆ ಬಿಲ್ಲೆ ಅಲ್ಲಿ ನೇತಾಡಬೇಕಿತ್ತು. ಸ್ಟೇಷನ್ ಮಾಸ್ತರರ ಮೊಮ್ಮಗಳ ಮದುವೆಯ ಮಾತಿನಲ್ಲಿ ಅದನ್ನು ಇಸಿದುಕೊಳ್ಳದೆಯೇ ಹೊರಟುಬಿಟ್ಟದ್ದು ಚಾಲಕಿ ಮಿತ್ಸುಯೊಗೆ ಈಗ ಹೊಳೆಯಿತು. ಮಾಸ್ತರರು ಮರೆವಿನಲ್ಲಿ ಬಿಲ್ಲೆಯನ್ನು ಅದರ ಯಂತ್ರಕ್ಕೆ ಮರಳಿಸಿದ್ದರೆ, ಆ ತುದಿಯ ಸ್ಟೇಷನ್ನಿನ ಯಂತ್ರ ಬೇರೊಂದು ಬಿಲ್ಲೆ ಕೊಟ್ಟಿರುತ್ತದೆ; ಅಲ್ಲಿಂದ ಇದೇ ಹಳಿಯ ಮೇಲೆ ಶಾಲೆಮಕ್ಕಳ ರೈಲು ಇಷ್ಟರಲ್ಲೇ ಹೊರಟಿರುತ್ತದೆ.

ಅವಳು ಬ್ರೇಕ್ ಹಾಕಿದಳು. ವೈರ್‌ಲೆಸ್ಸಿನಲ್ಲಿ ಬರೀ ಗೊರಗೊರ ಸದ್ದು. ಕೆಂಪು ಬಾವುಟ ಹಿಡಿದು ಕೆಳಗೆ ಧುಮುಕಿ, ಜಲ್ಲಿಯ ಮೇಲೆ ಎಡವುತ್ತಾ ತಿರುವಿನತ್ತ ಓಡಿದಳು. ಹಳಿ ಸಣ್ಣಗೆ ಗುಂಯ್‌ಗುಡುತ್ತಿತ್ತು. ದೇವದಾರು ಮರಗಳ ಆಚೆ ಸೀಟಿ ಕೂಗಿತು. ಓಡಿಹೋಗೆಂದು ಕಾಲು ಎಳೆಯುತ್ತಿದ್ದರೂ ಅವಳು ಹಳಿಗಳ ನಡುವೆಯೇ ನಿಂತು ಬಾವುಟ ಬೀಸಿದಳು. ಚಕ್ರಗಳು ಕಿರುಚಿದವು. ರೈಲು ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಕಿಟಕಿಗಳ ತುಂಬ ಮಕ್ಕಳ ಹಳದಿ ಟೋಪಿ.

ಅದರ ಚಾಲಕ ಇವಾಸೆ ಬೆವರುತ್ತಾ ಇಳಿದು ಬಂದ. "ಅಕ್ಕಾ, ಬಿಲ್ಲೆ ನನ್ನ ಹತ್ರ ಇದೆಯಲ್ಲ! ನೀವು ಹೇಗೆ ಬಂದ್ರಿ?"

ಅವಳ ತೋಳು ಹಿಡಿದು ಅವನೇ ಅವಳ ರೈಲಿನವರೆಗೆ ನಡೆಸಿಕೊಂಡು ಬಂದ.

ಕಿಟಕಿಯಿಂದ ಮುದುಕಿಯೊಬ್ಬಳು ತಲೆ ಹಾಕಿದಳು. "ಏನಮ್ಮಾ, ಮತ್ತೆ ಹಳಿ ಮೇಲೆ ಕರಡಿ ಬಂತಾ?"

"ಹೌದು ಅಂದ್ಬಿಡಿ ಅಕ್ಕಾ," ಇವಾಸೆ ಪಿಸುಗುಟ್ಟಿದ. "ಇಪ್ಪತ್ತು ವರ್ಷದ ಕೆಲಸ ಹೋಗತ್ತೆ. ಮಾಸ್ತರರನ್ನ ನಾನು ನೋಡ್ಕೋತೀನಿ."

ಮಿತ್ಸುಯೊ ಟೋಪಿ ತೆಗೆದು ಸೊಂಟ ಬಾಗಿಸಿದಳು.

"ಕರಡಿ ಅಲ್ಲ ಅಜ್ಜಿ," ಅಂದಳು. "ತಪ್ಪು ನಂದು. ಅಪ್ಪಣೆ ಇಲ್ದೇನೇ ನಿಮ್ಮನ್ನೆಲ್ಲ ಕರ್ಕೊಂಡು ಬಂದ್ಬಿಟ್ಟೆ."