ಭಾನುವಾರದ ಡ್ಯೂಟಿ

ಮಾರ್ಮನ್ ಪಂಥದ ಕ್ರೈಸ್ತರೇ ಹೆಚ್ಚಿದ್ದ ಆ ಅಮೆರಿಕದ ಊರಿನಲ್ಲಿ ಭಾನುವಾರ ದುಡಿಯುವುದು ತಪ್ಪು. ಇನ್ನೊಬ್ಬರನ್ನು ದುಡಿಸುವುದೂ ತಪ್ಪು. ಆದರೂ ಒಂದು ಬಸ್ಸು ಓಡುತ್ತಿತ್ತು. ಕಾಲುನೋವಿನ ಮುದುಕಿಯೊಬ್ಬಳು ಅದರಲ್ಲೇ ಚರ್ಚಿಗೆ ಹೋಗುತ್ತಿದ್ದಳು. ಒಂದು ದಿನ ಅವಳು ಡ್ರೈವರನ್ನು ಕೇಳಿದಳು:

"ನೀನೂ ನಮ್ಮವನೇ ಅಲ್ವೇನಪ್ಪಾ? ಚರ್ಚಿಗೆ ಯಾಕೆ ಬರಲ್ಲ?"

"ಬರೋ ಆಸೆ ಇದೆ ಅಮ್ಮಾ. ಏನ್ಮಾಡ್ಲಿ, ನಿಮ್ಮಂಥವರನ್ನ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕಲ್ಲ."

ಚರ್ಚಿನ ಮುಂದೆ ಮುದುಕಿ ನಿಧಾನಕ್ಕೆ ಇಳಿದಳು.

ಮುಂದಿನ ಭಾನುವಾರ ಅವಳು ಸ್ಟಾಪಿನಲ್ಲಿ ಇರಲಿಲ್ಲ. ಸ್ವಲ್ಪ ಮುಂದೆ, ಕೋಲೂರಿಕೊಂಡು ಹಿಮದಲ್ಲಿ ಹೆಜ್ಜೆ ಹಾಕುತ್ತಿದ್ದಳು. ಅವನು ಬಸ್ಸು ನಿಲ್ಲಿಸಿ ಬಾಗಿಲು ತೆರೆದ.

"ಹತ್ತಿ ಅಮ್ಮಾ, ಜಾರಿ ಬೀಳ್ತೀರಿ!"

"ಬೇಡಪ್ಪಾ. ನನ್ನಿಂದ ನಿನ್ನ ಪ್ರಾರ್ಥನೆ ತಪ್ಪೋದು ಬೇಡ. ಹತ್ತೋರೇ ಇಲ್ಲ ಅಂದ್ರೆ ನಿಂಗೂ ರಜ ಕೊಡ್ತಾರೆ."

"ದಯವಿಟ್ಟು ಹತ್ತಿ ಅಮ್ಮಾ..."

ಅವಳು ನಕ್ಕು ಮುಂದೆ ನಡೆದಳು.

ಚಳಿಗಾಳಿ ಒಳಗೆ ನುಗ್ಗುತ್ತಿದ್ದರೂ ಬಾಗಿಲು ಮುಚ್ಚಲು ಅವನಿಗೆ ಮನಸ್ಸು ಬರಲಿಲ್ಲ. ಚರ್ಚಿಗೆ ಹೋಗುವುದು ತಪ್ಪಲೆಂದೇ, ಮೇಲಧಿಕಾರಿಗೆ ದುಂಬಾಲು ಬಿದ್ದು ಅವನು ಹಾಕಿಸಿಕೊಂಡಿದ್ದ ಡ್ಯೂಟಿ ಅದು.